ಚೋಕ್ ಬಿಟ್ಟರೆ ಗಾಡಿ ಬಂದ್ ಆಗ್ತದಾ? ಜೆಟ್‌ಗೆ ತಂತಿ ಹಾಕಬೇಡ್ರಿ

ಎರಡು ತಿಂಗಳು ಶೆಡ್ಡಿನಲ್ಲಿ ನಿಂತಿದ್ದ ನನ್ನ ಹಳೆ ಬೈಕ್, ಲೋಕಾಪುರಕ್ಕೆ ತರಕಾರಿ ಒಯ್ಯುವ ದಿನವೇ ಕೈಕೊಟ್ಟಿತು. ಚೋಕ್ ಎಳೆದರೆ ಚಾಲೂ, ಬಿಟ್ಟರೆ ಬಂದ್.

ಇದು ಪೈಲಟ್ ಜೆಟ್ ಕಟ್ಟಿಕೊಂಡ ಲಕ್ಷಣ. ನಿಂತ ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಅದರ ಸಣ್ಣ ತೂತು ಮುಚ್ಚುತ್ತದೆ. ನಿಧಾನಕ್ಕೆ ಸರಿಯಿದ್ದು, ಪೂರ್ತಿ ಎಕ್ಸಲೇಟರ್ ಕೊಟ್ಟಾಗ ಎಳೆಯದಿದ್ದರೆ ಮೇನ್ ಜೆಟ್ ನೋಡ್ರಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕ್‌ಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್ ಇಲ್ಲ, ಅವನ್ನು ಬಿಚ್ಚಬೇಡಿ.

ನಾನು ಅವಸರಕ್ಕೆ ಜೆಟ್‌ಗೆ ತಂತಿ ಚುಚ್ಚಿದೆ. ಗಾಡಿ ಓಡಿತು. ಆದರೆ ಹಿತ್ತಾಳೆ ಮೆತ್ತಗೆ. ತೂತು ದೊಡ್ಡದಾಗಿ ಮೈಲೇಜ್ ಬಿತ್ತು. ಕೊನೆಗೆ ಜೆಟ್ಟೇ ಬದಲಿಸಬೇಕಾಯಿತು.

ಸರಿಯಾದ ಕ್ರಮ ಹೀಗೆ:

1. ಎಂಜಿನ್ ತಣ್ಣಗಾಗಲಿ. ಬಯಲಲ್ಲಿ ಕೂತು ಮಾಡಿ, ಬೀಡಿ-ಬೆಂಕಿ ದೂರ ಇರಲಿ.
2. ಪೆಟ್ರೋಲ್ ಕಾಕ್ ಬಂದ್ ಮಾಡಿ, ಡ್ರೇನ್ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಡಬ್ಬಿಗೆ ಇಳಿಸಿ.
3. ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿ. ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೊ ಹೊಡೀರಿ.
4. ಅಳತೆಗೆ ಸರಿಯಾದ ಸ್ಕ್ರೂಡ್ರೈವರ್‌ನಿಂದ ಜೆಟ್ ತೆಗೆಯಿರಿ.
5. ಕನ್ನಡಕ ಹಾಕಿ ಕಾರ್ಬೊರೇಟರ್ ಕ್ಲೀನರ್ ಹೊಡೆದು, ಗಾಳಿ ಬಿಡಿ. ಆಕಾಶದ ಕಡೆ ಹಿಡಿದರೆ ದುಂಡನೆ ಬೆಳಕು ಕಾಣಬೇಕು.
6. ಜೆಟ್ ಹದವಾಗಿ ಬಿಗಿದು ಬಟ್ಟಲು ಜೋಡಿಸಿ. ಕಾಕ್ ತೆರೆದು, ಸೋರಿಕೆ ಇಲ್ಲದಿದ್ದರಷ್ಟೇ ಕಿಕ್ ಹೊಡೀರಿ.

ಡ್ರಿಪ್ ಕಟ್ಟಿಕೊಂಡರೂ ಸೂಜಿ ಚುಚ್ಚಬಾರದು. ಫಿಲ್ಟರ್ ತೊಳೆದು, ಪೈಪಿನ ತುದಿ ಬಿಚ್ಚಿ ನೀರು ಬಿಡಬೇಕು. ಜೆಟ್‌ಗೂ ಅದೇ ನಿಯಮ. ಮುಂದೆ ಗಾಡಿ ಬಹಳ ದಿನ ನಿಲ್ಲಿಸುವುದಿದ್ದರೆ ಕಾಕ್ ಬಂದ್ ಮಾಡಿ, ಬಟ್ಟಲಿನ ಪೆಟ್ರೋಲ್ ಖಾಲಿ ಮಾಡಿಡ್ರಿ.