ಕೆಂಪು ವೈನಿನ ರುಚಿಪರೀಕ್ಷೆಯೂ ದ್ರಾಕ್ಷಿ ಬೇಸಾಯಗಾರರೂ

ತಿನ್ನುವ ದ್ರಾಕ್ಷಿಯನ್ನು ಬೆಳೆಯುವವರು ಗೊಂಚಲಿನ ಅಂದವನ್ನೂ ತೂಕವನ್ನೂ ನೋಡಿ ತೃಪ್ತರಾಗುವರು. ವೈನ್ ಕಾರ್ಖಾನೆಗೆ ಹಣ್ಣನ್ನು ಒಪ್ಪಿಸುವವರಿಗಾದರೋ ಇವೆರಡೇ ಸಾಲವು. ಹಣ್ಣಿನ ಗುಣದೋಷಗಳು ಕೊಯ್ಲಾದ ಎಷ್ಟೋ ತಿಂಗಳ ಮೇಲೆ ಬಟ್ಟಲಿನಲ್ಲಿ ಬಯಲಾಗುವುವು. ಆದಕಾರಣ, ವೈನನ್ನು ಪರೀಕ್ಷಿಸುವ ಕ್ರಮವನ್ನು ತೋಟದ ಯಜಮಾನರು ತಿಳಿದಿರುವುದು ಅವಶ್ಯಕ. ಇದು ಕುಡಿಯುವ ವಿಚಾರವಲ್ಲ, ಬೆಳೆಯ ಪರೀಕ್ಷೆ.

ಬೆಂಗಳೂರು, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಬಹುಕಾಲದಿಂದ ಬೆಳೆಯುತ್ತಿರುವುದು ‘ಬೆಂಗಳೂರು ನೀಲಿ’ ಎಂಬ ಜಾತಿ. ಇದು ಅಮೆರಿಕದ ದ್ರಾಕ್ಷಿಯ ಸಂಬಂಧವುಳ್ಳದ್ದು. ಇದರ ತೀಕ್ಷ್ಣವಾದ ವಾಸನೆಯು ಸಿಹಿಯಾದ ಪೋರ್ಟ್ ವೈನಿಗೆ ಒಗ್ಗುವುದಾದರೂ ಸಿಹಿಯಿಲ್ಲದ ಕೆಂಪು ವೈನಿಗೆ ಅಷ್ಟಾಗಿ ಒಗ್ಗದು. ಅದಕ್ಕೆ ಶಿರಾಜ್, ಕ್ಯಾಬರ್ನೆ ಸುವಿನ್ಯೋನ್ ಮೊದಲಾದ ಫ್ರೆಂಚ್ ಜಾತಿಗಳು ಉತ್ತಮ. ೧೯೮೮ರಲ್ಲಿ ಗ್ರೋವರ್ ಸಂಸ್ಥೆಯವರು ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, ಫ್ರೆಂಚ್ ಜಾತಿಗಳ ತೋಟವನ್ನು ಸ್ಥಾಪಿಸಿದರು. ೨೦೦೭ರಲ್ಲಿ ಕರ್ನಾಟಕ ಸರ್ಕಾರವು ವೈನ್ ನೀತಿಯನ್ನು ಹೊರಡಿಸಿದ ತರುವಾಯ ಚಿಕ್ಕ ಕಾರ್ಖಾನೆಗಳೂ ತಲೆಯೆತ್ತಿದುವು.

ಪರೀಕ್ಷೆಯ ಕ್ರಮವು ಹೀಗಿದೆ. ಕೆಂಪು ವೈನನ್ನು ೧೬ರಿಂದ ೧೮ ಡಿಗ್ರಿ ಸೆಂಟಿಗ್ರೇಡಿನಷ್ಟು ತಂಪಿನಲ್ಲಿಡತಕ್ಕದ್ದು. ಬೇಸಗೆಯ ಕಾವಿನಲ್ಲಿ ಹಾಗೆಯೇ ಸುರಿದರೆ ಮದ್ಯಸಾರದ ಘಾಟು ಮಿಕ್ಕ ಗುಣಗಳನ್ನು ಮರೆಮಾಡುವುದು. ಗಾಜಿನ ಬಟ್ಟಲಿನ ಮೂರರಲ್ಲೊಂದು ಪಾಲು ಮಾತ್ರ ತುಂಬಿ, ಬಿಳಿಯ ಬಟ್ಟೆಯ ಮುಂದೆ ಓರೆಯಾಗಿ ಹಿಡಿದು ಬಣ್ಣವನ್ನು ನೋಡಬೇಕು. ಎಳೆಯ ವೈನಿನ ಅಂಚು ನೇರಳೆಯಾಗಿಯೂ ಹಳೆಯದರ ಅಂಚು ಇಟ್ಟಿಗೆಯ ಬಣ್ಣವಾಗಿಯೂ ತೋರುವುದು. ಬಳಿಕ ಬಟ್ಟಲನ್ನು ತಿರುಗಿಸಿ ಮೂಸಬೇಕು. ಕಡೆಗೆ ಒಂದು ಗುಟುಕನ್ನು ಬಾಯೊಳಗೆಲ್ಲ ಆಡಿಸಿ, ಹುಳಿ, ಒಗರು, ಸಾರ ಇವುಗಳನ್ನು ಗಮನಿಸಿ ಉಗುಳಿಬಿಡುವುದು ಪರೀಕ್ಷಕರ ಪದ್ಧತಿ. ಒಂದು ವೈನಿಗೂ ಮತ್ತೊಂದಕ್ಕೂ ನಡುವೆ ನೀರಿನಿಂದ ಬಾಯಿ ಮುಕ್ಕಳಿಸತಕ್ಕದ್ದು. ಮದ್ಯವನ್ನು ಮುಟ್ಟದ ನಿಯಮವುಳ್ಳವರು ಕಣ್ಣು, ಮೂಗುಗಳಿಂದಲೇ ಬಹುಪಾಲು ತಿಳಿಯಬಹುದು.

ಬಟ್ಟಲಿನಲ್ಲಿ ಕಂಡ ದೋಷದ ಮೂಲವನ್ನು ತೋಟದಲ್ಲಿಯೂ ಹುಡುಕಬೇಕು. ಕ್ಯಾಬರ್ನೆ ವೈನಿನಲ್ಲಿ ಹಸಿಯ ದೊಣ್ಣೆಮೆಣಸಿನಕಾಯಿಯ ವಾಸನೆ ಬಲವಾಗಿದ್ದರೆ ಹಣ್ಣು ಪಕ್ವವಾಗುವ ಮೊದಲೇ ಕೊಯ್ದಿರುವುದು, ಇಲ್ಲವೆ ಎಲೆಗಳು ದಟ್ಟವಾಗಿ ಗೊಂಚಲಿಗೆ ಬಿಸಿಲು ತಾಕದಿರುವುದು ಕಾರಣವಾಗಿರಬಹುದು. ರುಚಿಯು ನೀರುನೀರಾಗಿದ್ದರೆ ಬಳ್ಳಿಯ ಮೇಲೆ ಮಿತಿಮೀರಿ ಗೊಂಚಲು ಬಿಟ್ಟಿರುವುದನ್ನೋ, ತೂಕದ ಆಸೆಯಿಂದ ಕೊಯ್ಲಿನ ಮುನ್ನ ಹೆಚ್ಚು ನೀರು ಕಟ್ಟಿರುವುದನ್ನೋ ಶಂಕಿಸಬೇಕು. ಒಣದ್ರಾಕ್ಷಿಯ ವಾಸನೆಯೂ ಗಂಟಲಿನಲ್ಲಿ ಉರಿಯೂ ಇದ್ದರೆ ಕೊಯ್ಲು ತಡವಾಗಿರುವುದು. ಕೊಳೆತ ಮೊಟ್ಟೆಯ ವಾಸನೆಗೆ ಕೊಯ್ಲಿನ ಸಮೀಪದಲ್ಲಿ ಗಂಧಕ ಹೊಡೆದದ್ದೂ ಒಂದು ಕಾರಣ. ವಿನಿಗರಿನ ವಾಸನೆಯು ಕಾರ್ಖಾನೆಯ ಅಶುಚಿಯಿಂದಲೂ ಹುಟ್ಟುವುದು. ಒಡೆದ, ಕೊಳೆತ ಹಣ್ಣುಗಳನ್ನು ಆರಿಸದೆ ಕಳುಹಿಸಿದರೂ ಹುಟ್ಟುವುದು.

ಹೀಗಿರುವಲ್ಲಿ ಸಕ್ಕರೆಯ ಅಂಶವೊಂದನ್ನೇ ನೋಡಿ ಕೊಯ್ಲಿನ ದಿನವನ್ನು ಗೊತ್ತುಮಾಡುವುದು ಸರಿಯಲ್ಲ. ೨೪ ಬ್ರಿಕ್ಸ್ ಸಕ್ಕರೆಯುಳ್ಳ ರಸದಿಂದ ಶೇಕಡ ೧೩ರಷ್ಟು ಮದ್ಯಸಾರ ಒದಗುವುದು ನಿಜ. ಆದರೆ ಬಿಸಿಲು ಹೆಚ್ಚಾದ ನಮ್ಮ ಸೀಮೆಯಲ್ಲಿ ಸಕ್ಕರೆಯು ಬೇಗನೆ ಏರಿ, ಹುಳಿಯು ಬೇಗನೆ ಇಳಿದು, ಸಿಪ್ಪೆ ಮತ್ತು ಬೀಜಗಳ ಒಗರು ಇನ್ನೂ ಹಸಿಯಾಗಿಯೇ ಉಳಿಯುವುದುಂಟು. ಆದುದರಿಂದ ಕೊಯ್ಲಿನ ಕಾಲವು ಸಮೀಪಿಸಿದಾಗ, ಸಾಲುಗಳ ಎರಡು ಪಕ್ಕಗಳಿಂದಲೂ ನೂರು ಹಣ್ಣುಗಳನ್ನು ಅಲ್ಲಲ್ಲಿ ಬಿಡಿಬಿಡಿಯಾಗಿ ಕಿತ್ತು, ರಸದ ಸಕ್ಕರೆಯನ್ನೂ ಹುಳಿಯನ್ನೂ ಅಳೆಯಿಸತಕ್ಕದ್ದು. ಕೆಲವು ಹಣ್ಣುಗಳನ್ನು ಸ್ವತಃ ಅಗಿದು ನೋಡತಕ್ಕದ್ದು. ಬೀಜವು ಹಸುರು ಬಿಟ್ಟು ಕಂದುಬಣ್ಣಕ್ಕೆ ತಿರುಗಿದ್ದರೆ, ಸಿಪ್ಪೆಯು ನಾಲಗೆಯನ್ನು ಒರಟಾಗಿ ಹಿಡಿಯದಿದ್ದರೆ, ಕೊಯ್ಲಿಗೆ ಕಾಲ ಬಂದಿತೆಂದು ತಿಳಿಯಬಹುದು.

ತೋಟದ ಯಜಮಾನರು ವರ್ಷಕ್ಕೊಮ್ಮೆಯಾದರೂ ಕಾರ್ಖಾನೆಗೆ ಹೋಗಿ, ತಮ್ಮ ಹಣ್ಣಿನಿಂದಾದ ವೈನನ್ನು ಬೇರೆಯಾಗಿ ಪರೀಕ್ಷಿಸಿ, ನೀರು ಕಟ್ಟಿದ ಮತ್ತು ಕೊಯ್ದ ದಿನಗಳ ಲೆಕ್ಕದೊಡನೆ ಹೋಲಿಸಿ ಬರೆದಿಡುವುದು ಒಳ್ಳೆಯದು. ಅಂತಹ ಲೆಕ್ಕವಿದ್ದವರು ಮುಂದಿನ ಫಸಲಿನ ದರವನ್ನು ಮಾತನಾಡುವಾಗ ತೂಕವೊಂದನ್ನೇ ನಂಬಿ ಕೂರಬೇಕಾಗಿಲ್ಲ.