ಅರ್ಧ ಸೊಂಟದ ನೀರು

ಬೇರನ್ನು ಎರಡು ಬೆರಳಲ್ಲಿ ಹಿಡಿದು ಅಜ್ಜ ಮೆಲ್ಲನೆ ಜಗ್ಗಿದರು. ಕಾಲುಚೀಲ ಕಳಚಿದ ಹಾಗೆ ಹೊರಗಿನ ತೊಗಲು ಕಳಚಿ ಬಂತು. ಒಳಗೆ ಉಳಿದದ್ದು ಒಂದು ಸಣ್ಣ ಎಳೆ. ನೂಲು ನನ್ನ ಕಸುಬಿನ ವಸ್ತು. ಆದರೆ ಗಿಡದ ಬೇರಿನಿಂದ ನೂಲು ಹೊರಡುವುದನ್ನು ಅವತ್ತೇ ಮೊದಲು ಕಂಡದ್ದು. ಐದೂ ಗಿಡಗಳ ಕಥೆ ಅದೇ ಆಗಿತ್ತು.

“ದಿನಾ ನೀರು ಹಾಕಿದೆಯಾ?” ಎಂದು ಕೇಳಿದರು.

ಹೌದೆಂದೆ. ಒಂದು ದಿನವೂ ತಪ್ಪಿಸಿರಲಿಲ್ಲ.

“ಅದಕ್ಕೇ,” ಎಂದರು ಅಜ್ಜ.

ಇದು 2014ರ ಏಪ್ರಿಲ್ ತಿಂಗಳ ಮಾತು. ನಾನು ಶಿರಸಿ ಕಡೆಯವನು. ಬಟ್ಟೆ ರಫ್ತಿನ ಕಂಪನಿಯೊಂದರ ಮರ್ಚಂಡೈಸರ್ ಆಗಿ ಹಿಂದಿನ ವರ್ಷವಷ್ಟೇ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಕೆಚಿಯಾವೊಗೆ ಬಂದಿದ್ದೆ. ಷಾವೊಶಿಂಗ್ ನಗರಕ್ಕೆ ಸೇರಿದ ದೊಡ್ಡ ಬಟ್ಟೆ ಪೇಟೆ ಇದು. ನಮ್ಮ ದೇಶದ ವ್ಯಾಪಾರಿಗಳು ಇಲ್ಲಿ ತುಂಬ ಇದ್ದಾರೆ, ಹಾಗಾಗಿ ಚಪಾತಿ ದಾಲ್‌ಗೆ ಕೊರತೆಯಿಲ್ಲ. ಆದರೆ ಇದು ಆರ್ಕಿಡ್ಡಿನ ಊರೂ ಹೌದೆಂದು ತಿಳಿಯಲು ನನಗೊಂದು ವರ್ಷ ಹಿಡಿಯಿತು. ಷಾವೊಶಿಂಗಿನ ನಗರಪುಷ್ಪವೇ ಆರ್ಕಿಡ್. ಕ್ರಿ.ಶ. 353ರಲ್ಲಿ ವಾಂಗ್ ಶಿಝಿ ಗೆಳೆಯರ ಜೊತೆ ಹೊಳೆಯಂಚಿನಲ್ಲಿ ಕೂತು, ಚೀನೀ ಲಿಪಿಕಲೆಯಲ್ಲೇ ಅತಿ ಹೆಸರಾದ ಬರಹವನ್ನು ಬರೆದ ಜಾಗ ನಮ್ಮ ಆಫೀಸಿನಿಂದ ಬಹಳ ದೂರವಿಲ್ಲ. ಅದರ ಹೆಸರು ಲಾನ್‌ಟಿಂಗ್, ಅಂದರೆ ಆರ್ಕಿಡ್ ಮಂಟಪ.

ಆ ಐದು ಗಿಡಗಳನ್ನು ಕೊಂಡದ್ದು ಫೆಬ್ರುವರಿಯಲ್ಲಿ, ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದವನ ಹತ್ತಿರ. ಹುಲ್ಲಿನಂಥ ಎಲೆ, ಬುಡಕ್ಕೆ ಒದ್ದೆ ಪಾಚಿ, ಅಲ್ಲಲ್ಲಿ ಒಂದೊಂದು ಮೊಗ್ಗು. ಅರಳಿದ್ದು ಒಂದೇ ಹೂವು. ಎರಡು ಇಂಚಿನ ಹಸಿರು ಹೂವು. ನೋಡಿದರೆ ಹೂವೆಂದೇ ಅನ್ನಿಸದು. ಆದರೆ ದಾಟಿ ನಾಲ್ಕು ಹೆಜ್ಜೆ ಹೋದ ಮೇಲೆ ಪರಿಮಳ ಬಂತು. ಸುರಗಿಯ ದಟ್ಟತನವಿಲ್ಲ, ಮಲ್ಲಿಗೆಯ ಸಿಹಿಯಿಲ್ಲ, ಆದರೂ ಕಾಲು ತಡೆಯಿತು. ತಿರುಗಿ ಹೋಗಿ ನೂರು ಯುವಾನ್ ಕೊಟ್ಟು ಐದು ತಂದೆ. ಕೆಂಪು ಪ್ಲಾಸ್ಟಿಕ್ ಕುಂಡದಲ್ಲಿ ಪಾರ್ಕಿನ ಮಣ್ಣು ತುಂಬಿ ನೆಟ್ಟು, ಊರಲ್ಲಿ ಆಯಿ ತುಳಸಿಗೆ ಹಾಕುವ ಹಾಗೆ ಬೆಳಿಗ್ಗೆ ಮಿಂದ ಮೇಲೆ ಒಂದೊಂದು ಚೊಂಬು ನೀರು ಹಾಕಿದೆ. ಎರಡು ತಿಂಗಳಲ್ಲಿ ಎಲೆಯ ತುದಿ ಕಪ್ಪಾಯಿತು. ನೀರು ಸಾಲದೇನೋ ಎಂದು ಎರಡು ಚೊಂಬು ಮಾಡಿದೆ.

ನಮ್ಮ ಕಟ್ಟಡದ ನೆಲಮಹಡಿಯ ಮನೆಯ ಅಜ್ಜ ಮಗ್ಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಪುಟ್ಟ ಅಂಗಳದಲ್ಲಿ ಒಸ್ಮಾಂಥಸ್ ಮರದ ಕೆಳಗೆ ನಲವತ್ತು ಕುಂಡಗಳಿದ್ದವು. ನಾನು ಅವರನ್ನು ‘ಯೇಯೇ’ ಎಂದು ಕರೆಯುತ್ತಿದ್ದೆ, ಅಜ್ಜ ಎಂದರ್ಥ. ಭಟ್ ಎಂಬ ಹೆಸರು ಬಾಯಿಗೆ ಸರಿಯಾಗಿ ಕೂರದೆ ಅವರು ನನ್ನನ್ನು ‘ಶಿಯಾವ್ ಬಾ’ ಮಾಡಿದರು. ಚಿಕ್ಕ ಭಟ್ಟ ಎಂದು ನಾನು ಖುಷಿಪಟ್ಟೆ. ಚೀನೀ ಭಾಷೆಯಲ್ಲಿ ಅದಕ್ಕೆ ಮಿನಿಬಸ್ ಎಂಬ ಅರ್ಥವೂ ಇದೆಯೆಂದು ಆಫೀಸಿನ ಹುಡುಗಿಯರು ನಕ್ಕಾಗಲೇ ಗೊತ್ತಾದದ್ದು.

ಕೊಳೆತ ಬೇರನ್ನೆಲ್ಲ ಕತ್ತರಿಸಿದ ಮೇಲೆ ಒಂದು ಗಿಡದಲ್ಲಿ ಮಾತ್ರ ಎರಡು ಬಿಳಿ ಬೇರು ಉಳಿದವು. ಅದನ್ನು ತೊಳೆದು, ತಲೆಕೆಳಗಾಗಿ ನೆರಳಿನಲ್ಲಿ ನೇತುಹಾಕಿದರು. ಬೇರು ತುಸು ಬಾಡಿ ಬಳುಕುವ ಹದಕ್ಕೆ ಬಂದರೆ ನೆಡುವಾಗ ಮುರಿಯುವುದಿಲ್ಲ. ಮಣ್ಣಿಲ್ಲದೆ ತೂಗುವ ಗಿಡ ನೋಡಿ ಅವರಿಗೆ ಝೆಂಗ್ ಸಿಶಿಯಾವೊ ನೆನಪಾದ. ಸೊಂಗ್ ರಾಜ್ಯ ಮಂಗೋಲರ ಪಾಲಾದ ಮೇಲೆ ಆ ಚಿತ್ರಕಾರ ನೆಲವನ್ನೇ ಬರೆಯದೆ ಆರ್ಕಿಡ್ ಬರೆದನಂತೆ. ನೆಲ ಪರರ ಪಾಲಾಗಿದೆ, ಬರೆಯುವುದು ಎಲ್ಲಿಂದ ಎಂಬುದು ಅವನ ಕೊರಗು. 1306ರಲ್ಲಿ ಅವನು ಬರೆದ ಅಂಥದೊಂದು ಚಿತ್ರ ಈಗ ಜಪಾನಿನ ಒಸಾಕದಲ್ಲಿದೆ. “ಚಿತ್ರದಲ್ಲಿ ನೆಲವಿಲ್ಲದಿದ್ದರೂ ನಡೆಯುತ್ತದೆ. ಕುಂಡದಲ್ಲಿ ಗಾಳಿ ಇಲ್ಲದಿದ್ದರೆ ನಡೆಯುವುದಿಲ್ಲ,” ಎಂದರು ಅಜ್ಜ.

ಅಲ್ಲಿಗೆ ನನ್ನ ಮೊದಲ ಪಾಠವಾಯಿತು. ನಮ್ಮ ಮಲೆನಾಡಿನವರಿಗೆ ಆರ್ಕಿಡ್ ಎಂದರೆ ಮರದ ಮೇಲಿನ ಸೀತಾಳೆ ದಂಡೆ. ಚೀನೀಯರು ‘ಗುವೊಲಾನ್’, ಅಂದರೆ ದೇಶದ ಆರ್ಕಿಡ್, ಎಂದು ಕರೆಯುವ ಸಿಂಬಿಡಿಯಂಗಳು ನೆಲದಲ್ಲಿ ಬೆಳೆಯುವಂಥವು. ನೆಲ ಎಂದ ತಕ್ಷಣ ನಾನು ಮಣ್ಣು ಎಂದುಕೊಂಡೆ. ಕಾಡಿನ ಇಳಿಜಾರಿನಲ್ಲಿ ಅವು ಇರುವುದು ದರಗು, ಕಲ್ಲುಚೂರುಗಳ ನಡುವೆ. ಬೇರಿನ ಹೊರಗಿನ ಬಿಳಿ ತೊಗಲು ಸ್ಪಂಜಿನ ಹಾಗೆ. ನೀರು ಹೀರಿ, ಮತ್ತೆ ಗಾಳಿಗೆ ಆರಬೇಕು. ಆದ್ದರಿಂದಲೇ ಅವುಗಳ ಕುಂಡ ಎತ್ತರ, ಬಾಯಿ ಕಿರಿದು, ಅಡಿಯಲ್ಲಿ ದೊಡ್ಡ ತೂತು, ನಿಲ್ಲಲು ಮೂರು ಪುಟ್ಟ ಕಾಲು. ಅಜ್ಜ ತಳದಲ್ಲಿ ದಪ್ಪ ಇದ್ದಿಲ ಚೂರು, ಮೇಲೆ ಹಗುರ ಜ್ವಾಲಾಮುಖಿ ಕಲ್ಲು, ಮರದ ತೊಗಟೆ, ತೀರಾ ಮೇಲೆ ಸಣ್ಣ ಹರಳು ತುಂಬಿ, ಗಡ್ಡೆ ಅರ್ಧ ಕಾಣುವ ಹಾಗೆ ನೆಟ್ಟರು. ಒಂದು ಹಿಡಿ ಮಣ್ಣೂ ಇರಲಿಲ್ಲ.

ಎರಡನೆಯ ಪಾಠ ನೀರಿನದು. ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಬೇಕು ಎಂಬುದು ಇಲ್ಲಿನ ಆರ್ಕಿಡ್ ಬೆಳೆಗಾರರ ಬಾಯಲ್ಲಿ ಸದಾ ಇರುವ ಮಾತು. ಅಡಿಕೆ ತೋಟದಲ್ಲಿ ಬೆಳೆದ ನನಗೆ ನೀರು ಹಾಕಲು ಇನ್ಯಾರು ಕಲಿಸಬೇಕು ಎಂಬ ಜಂಬವಿತ್ತು. ಒಮ್ಮೆ ಕೊಳೆಸಿದ ಭಯಕ್ಕೆ ಈಗ ಕೈ ಬಿಗಿಮಾಡಿದೆ. ಎರಡು ದಿನಕ್ಕೊಮ್ಮೆ ಅರ್ಧ ಲೋಟ. ಮೇಲಿನ ಹರಳು ಒದ್ದೆಯಾಗುತ್ತಿತ್ತು, ಗಿಡ ಮಾತ್ರ ಸೊರಗುತ್ತಿತ್ತು. ಅಜ್ಜ ಕುಂಡ ಬೋರಲು ಹಾಕಿ ತೋರಿಸಿದರು. ಮೇಲಿನ ಅರ್ಧ ಹಸಿ, ಕೆಳಗಿನ ಅರ್ಧ ಬೂದಿಯ ಹಾಗೆ ಒಣ. ಇದಕ್ಕೆ ಅವರಲ್ಲಿ ಒಂದು ಹೆಸರೇ ಇದೆ: ‘ಬಾನ್‌ಯಾವ್‌ಶುಯಿ’. ಅರ್ಧ ಸೊಂಟದ ನೀರು. ಸೊಂಟದವರೆಗೆ ಒದ್ದೆಯಾಗಿ ಕಾಲು ಒಣಗಿರುವ ಸ್ಥಿತಿ. ಹಾಕಿದರೆ ತಳದಿಂದ ಸುರಿಯುವ ತನಕ ಹಾಕು, ಆಮೇಲೆ ಒಣಗುವ ತನಕ ಮುಟ್ಟಬೇಡ.

ಒಣಗಿದ್ದು ತಿಳಿಯುವುದು ಹೇಗೆ? ಬಟ್ಟೆಯ ತೂಕ ನೋಡುವುದು ನನ್ನ ದಿನದ ಕೆಲಸ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದರ ಮೇಲೇ ನಮ್ಮ ಬೆಲೆ. ಅಡುಗೆಮನೆಯ ತಕ್ಕಡಿ ತಂದು ಕುಂಡಗಳನ್ನು ತೂಗಿ ಪುಸ್ತಕದಲ್ಲಿ ಬರೆದಿಟ್ಟೆ. ಅಜ್ಜ ಅದನ್ನು ನೋಡಿ ಮನಸಾರೆ ನಕ್ಕರು. ಆದರೆ ಬೇಡ ಅನ್ನಲಿಲ್ಲ. ಒಂದು ವರ್ಷ ತೂಗಿದ ಮೇಲೆ ನನ್ನ ಕೈಗೇ ಲೆಕ್ಕ ಗೊತ್ತಾಯಿತು. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ತೂಕ ಹೇಳುವ ಹಳೆಯ ವ್ಯಾಪಾರಿಗಳ ಹಾಗೆ, ಕುಂಡವನ್ನು ತುಸು ಎತ್ತಿದರೆ ಸಾಕು. ಜೂನ್ ಜುಲೈಯಲ್ಲಿ, ಪ್ಲಮ್ ಹಣ್ಣಾಗುವ ಕಾಲದ ಜಿಟಿಜಿಟಿ ಮಳೆ ಹಿಡಿದರೆ ಗೋಡೆಗೂ ಬೂಸು ಬರುತ್ತದೆ. ಆಗ ಹದಿನೈದು ದಿನವಾದರೂ ಕುಂಡ ಹಗುರಾಗದು. ಆಗಸ್ಟಿನಲ್ಲಿ ನಾಲ್ಕೇ ದಿನಕ್ಕೆ ಹಗುರ. ಕ್ಯಾಲೆಂಡರ್ ನೋಡಿ ನೀರು ಹಾಕುವವರಿಗೆ ಇದು ತಿಳಿಯುವುದಿಲ್ಲ. ಎಳೆ ಹಿಳ್ಳಿನ ಸುಳಿಯಲ್ಲಿ ನೀರು ನಿಲ್ಲಬಾರದೆಂಬುದನ್ನು ಮಾತ್ರ ಎರಡು ಹಿಳ್ಳು ಕೊಳೆಸಿಕೊಂಡು ಕಲಿತೆ.

ಮೂರನೆಯದು ಚಳಿಯ ಪಾಠ. 2015ರ ಶರತ್ಕಾಲದಲ್ಲಿ ನನ್ನ ಮೊದಲ ಮೊಗ್ಗು ಗಡ್ಡೆಯ ಬುಡದಲ್ಲಿ ಇಣುಕಿತು. ನನ್ನದು ‘ಚುನ್‌ಲಾನ್’, ವಸಂತದ ಆರ್ಕಿಡ್; ಮೊಗ್ಗು ಶರತ್ತಿನಲ್ಲೇ ಬಂದರೂ ಚಳಿಗಾಲವಿಡೀ ಪೊರೆಯೊಳಗೆ ಕೂತಿದ್ದು ಜನವರಿ ಕೊನೆಯಿಂದ ಮಾರ್ಚಿನೊಳಗೆ ಅರಳುತ್ತದೆ. ಯಾಂಗ್ಟ್ಸಿ ನದಿಯ ದಕ್ಷಿಣದ ಈ ಸೀಮೆಯಲ್ಲಿ ಮನೆಗಳಿಗೆ ಸರ್ಕಾರಿ ಹೀಟಿಂಗ್ ಇಲ್ಲ, ಡಿಸೆಂಬರಿನಲ್ಲಿ ಮನೆಯೊಳಗೂ ಎಲುಬು ಕೊರೆಯುವ ಚಳಿ. ನನ್ನಂತೆ ಅದಕ್ಕೂ ಚಳಿಯಾಗುತ್ತದೆಂದು ಕುಂಡವನ್ನು ಏಸಿಯ ಬೆಚ್ಚಗಿನ ಗಾಳಿ ಬರುವ ಕೋಣೆಗೆ ಒಯ್ದೆ. ಫೆಬ್ರುವರಿಯಲ್ಲಿ ಪೊರೆ ಬಿಡಿಸಿ ನೋಡಿದರೆ ಒಳಗೆ ಕಂದು ಬಣ್ಣದ ಕಡ್ಡಿ. ಈ ಜಾತಿಗೆ ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ಕೆಲವು ವಾರವಾದರೂ ಸಿಗದಿದ್ದರೆ ಹೂವಿಲ್ಲ. ಚಳಿ ಬೀಳದ ವರ್ಷ ಮಾವಿನ ಮರ ಹೂ ಬಿಡಲು ತಡಮಾಡುವುದನ್ನು ನೋಡಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ಮುಂದಿನ ಚಳಿಗಾಲದಲ್ಲಿ ಬಾಲ್ಕನಿಯಲ್ಲೇ ಬಿಟ್ಟೆ. ಮಾರ್ಚ್ ಮೊದಲ ವಾರ ಒಂದೇ ಒಂದು ಹೂವು ಅರಳಿತು. ಫೋಟೊ ಕಳಿಸಿದೆ. ಫೋನಿನಲ್ಲಿ ಆಯಿ ಕೇಳಿದ್ದು ಇಷ್ಟೇ: “ಮೂರು ವರ್ಷಕ್ಕೆ ಇಷ್ಟೇ ದೊಡ್ಡ ಹೂಗನಾ?”

ಹೂವು ಬಂದ ಮೇಲೆ ಆಸೆಯೂ ಬಂತು. 18ನೆಯ ಶತಮಾನದಲ್ಲಿ, ಚಿಯಾನ್‌ಲಾಂಗ್ ದೊರೆಯ ಕಾಲಕ್ಕೆ, ಇದೇ ಷಾವೊಶಿಂಗಿನಲ್ಲಿ ಸಿಕ್ಕಿದ ‘ಸೊಂಗ್‌ಮೇ’ ಎಂಬ ತಳಿ ಇದೆ. ದಳಗಳು ಪ್ಲಮ್ ಹೂವಿನ ದಳದಂತೆ ದುಂಡಗೆ. ಚುನ್‌ಲಾನಿನ ನಾಲ್ಕು ರಾಜತಳಿಗಳಲ್ಲಿ ಮೊದಲನೆಯದು. ಅದೇ ಹೆಸರಿನಲ್ಲಿ ಹೂವಿಲ್ಲದ ಗಿಡವೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಎರಡು ವರ್ಷ ಸಾಕಿ ಹೂ ಬಿಡಿಸಿದರೆ ಚೂಪು ದಳದ ಕಾಡುಹೂವು. ಅಜ್ಜ ಮೂದಲಿಸಲಿಲ್ಲ; ತಮ್ಮದೇ ಕಥೆ ಹೇಳಿದರು. 2000ದ ದಶಕದಲ್ಲಿ ಚೀನಾದಲ್ಲಿ ಆರ್ಕಿಡ್ ಬೆಲೆ ಹುಚ್ಚೆದ್ದು ಏರಿತ್ತು; ಅಪರೂಪದ ತಳಿಯ ಒಂದು ಹಿಳ್ಳಿಗೆ ಮನೆಯ ಬೆಲೆ. ಅವರೂ ಉಳಿತಾಯದ ದುಡ್ಡಿನಲ್ಲಿ ಒಂದು ತಂದರು. ದಶಕ ಮುಗಿಯುವ ಹೊತ್ತಿಗೆ ಬೆಲೆ ಕುಸಿದು, ಆ ತಳಿ ಈಗ ಊಟದ ದುಡ್ಡಿಗೆ ಸಿಗುತ್ತದೆ.

ನಾನು ವೆನಿಲಾ ಕಥೆ ಹೇಳಿದೆ. ಅದೂ ಆರ್ಕಿಡ್ಡೇ. 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ಬಂದಾಗ ಅಪ್ಪ ತೋಟದ ತುಂಬ ಬಳ್ಳಿ ಹಬ್ಬಿಸಿದ್ದರು. ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡುವ ಹೂವಿಗೆ ನಾವೆಲ್ಲ ಕಡ್ಡಿ ಹಿಡಿದು ಪರಾಗ ಮುಟ್ಟಿಸುತ್ತಿದ್ದೆವು. ನಮ್ಮ ಕೋಡು ಬಲಿಯುವಷ್ಟರಲ್ಲಿ ಕೊಳ್ಳುವವರೇ ಇರಲಿಲ್ಲ. ಅಜ್ಜ ಇಷ್ಟನ್ನೂ ಕೇಳಿ, ಚಹಾ ಬಗ್ಗಿಸಿ, “ನಿನ್ನಪ್ಪನಿಗೆ ನನ್ನ ನಮಸ್ಕಾರ ಹೇಳು,” ಎಂದರು. ಹೂವು ಕಣ್ಣಾರೆ ನೋಡದೆ ಕೊಳ್ಳಬಾರದೆಂಬ ಪಾಠಕ್ಕಿಂತ ಆ ನಮಸ್ಕಾರ ನನಗೆ ಹೆಚ್ಚು ನೆನಪಿದೆ.

ನಾಲ್ಕನೆಯ ತಪ್ಪು ಹಿಸೆ ಮಾಡಿದ್ದು. ಒಂದು ಕುಂಡ ನಾಲ್ಕಾಗಲಿ ಎಂದು, ಗಡ್ಡೆಗಳ ಗುಂಪನ್ನು ಒಂದೊಂದಾಗಿ ಬಿಡಿಸಿ ನೆಟ್ಟೆ. ಎಲೆ ಉದುರಿ ಬೋಳಾದ ಹಳೆಯ ಗಡ್ಡೆಗಳನ್ನು ಕಸಕ್ಕೆ ಎಸೆದೆ. ಅಜ್ಜ ನೋಡಿದ್ದರೆ ಬೈಯುತ್ತಿದ್ದರು. ಅವರು ಮೂರಕ್ಕಿಂತ ಕಡಿಮೆ ಗಡ್ಡೆಯ ಗುಂಪು ಮಾಡುವವರಲ್ಲ. ಹಿಸೆಯಾದ ಕುಂಡಗಳು ಸಾಯಲಿಲ್ಲ, ಹೂವನ್ನೂ ಬಿಡಲಿಲ್ಲ. ಬೋಳು ಗಡ್ಡೆ ಏನು ಕೆಲಸ ಮಾಡುತ್ತದೆಂದು ತಿಳಿಯಲು ಇನ್ನೂ ಮೂರು ವರ್ಷ ಬೇಕಾಯಿತು.

2020ರ ಜನವರಿಯಲ್ಲಿ ಚೀನೀ ಹೊಸವರ್ಷದ ರಜೆಗೆಂದು ಎರಡು ವಾರಕ್ಕೆ ಊರಿಗೆ ಹೋದವನು ಕೊರೊನಾದಿಂದಾಗಿ ಅಲ್ಲೇ ಉಳಿದೆ. ಗಡಿ ಮುಚ್ಚಿತು, ವೀಸಾ ನಿಂತಿತು. ಕೆಲಸ ಶಿರಸಿಯ ಮನೆಯ ಜಗಲಿಯಿಂದಲೇ ಸಾಗಿತು. ಅಜ್ಜ ನನ್ನ ಹನ್ನೊಂದು ಕುಂಡಗಳನ್ನು ಮರದ ಕೆಳಗೆ ಇಳಿಸಿಕೊಂಡರು. 2022ರ ಬೇಸಿಗೆಯಲ್ಲಿ ಅವರೂ ಕಾಯಿಲೆಯಿಂದ ಎರಡು ತಿಂಗಳು ಮಗನ ಮನೆಯಲ್ಲಿದ್ದರು. ಯಾಂಗ್ಟ್ಸಿ ಕೊಳ್ಳದಲ್ಲಿ ದಾಖಲೆಯ ಬಿಸಿಲು ಬರ ಬಿದ್ದ ಬೇಸಿಗೆ ಅದು. ಆ ವರ್ಷದ ಕೊನೆಗೆ ನಾನು ಮರಳಿದಾಗ ಉಳಿದಿದ್ದದ್ದು ನಾಲ್ಕು ಕುಂಡ. ನಾನು ಹಿಸೆ ಮಾಡಿದವುಗಳಲ್ಲಿ ಒಂದೂ ಇರಲಿಲ್ಲ. ನಾಲ್ಕೂ ನಾನು ಕೈಹಾಕದೆ ಬಿಟ್ಟ ದೊಡ್ಡ ಗುಂಪುಗಳು. ಎಲೆ ಮುಕ್ಕಾಲು ಒಣಗಿತ್ತು. ಬಿಡಿಸಿ ನೋಡಿದರೆ ಹಳೆಯ ಬೋಳು ಗಡ್ಡೆಗಳು ಸುಕ್ಕುಗಟ್ಟಿ ಬತ್ತಿದ್ದವು, ಅವುಗಳಿಗೆ ಅಂಟಿಕೊಂಡ ಎಳೆಯದರ ಬುಡದಲ್ಲಿ ಹಸಿರು ಹಿಳ್ಳು. ತಮ್ಮೊಳಗಿನ ನೀರು, ಸತ್ವವನ್ನು ಹಳೆಯವು ಮುಂದಕ್ಕೆ ದಾಟಿಸಿದ್ದವು. ಎಂಟು ವರ್ಷ ನಾನು ಎಲೆ ನೋಡಿದೆ, ಮೊಗ್ಗು ನೋಡಿದೆ. ಗಿಡ ಬದುಕಿದ್ದು ಮಾತ್ರ ನಾನು ಕಸವೆಂದ ಭಾಗದಿಂದ.

ಬೆಂಗಳೂರಿನ ಗೆಳೆಯರು ಬರುವಾಗ ಒಂದು ತಾ ಎನ್ನುತ್ತಾರೆ. ಆರ್ಕಿಡ್‌ಗಳು ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಚೀಲದಲ್ಲಿ ತರುವಂತಿಲ್ಲ. ಬೆಳೆಸಲೇಬೇಕೆಂದರೆ ನರ್ಸರಿಯಲ್ಲಿ ಬೆಳೆದ ‘ಜಿಯೆನ್‌ಲಾನ್’ ಹುಡುಕಿ ಎನ್ನುತ್ತೇನೆ. ಸಸ್ಯಶಾಸ್ತ್ರದ ಹೆಸರು ಸಿಂಬಿಡಿಯಂ ಎನ್ಸಿಫೋಲಿಯಂ. ಭಾರತದಲ್ಲೂ ಇರುವ ಜಾತಿ, ಬೇಸಿಗೆಯಿಂದ ಶರತ್ತಿನವರೆಗೆ ಹೂ ಬಿಡುತ್ತದೆ, ಚಳಿಗಾಗಿ ಹಟ ಹಿಡಿಯುವುದಿಲ್ಲ. ಬೆಳಗಿನ ಎಳೆಬಿಸಿಲು, ಆಮೇಲೆ ನೆರಳು, ಸುತ್ತ ಗಾಳಿ ಇದ್ದರೆ ಸಾಕು. ಕಾಡಿನಿಂದ ಕಿತ್ತದ್ದನ್ನು ಮಾತ್ರ ಕೊಳ್ಳಬೇಡಿ. ನನ್ನ ಆ ಐದು ಗಿಡ ಅಂಥವೇ ಆಗಿದ್ದವು, ಬೆಟ್ಟದಿಂದ ಇಳಿಸಿ ತಂದವು. ನಾಲ್ಕು ನನ್ನ ಕೈಯಲ್ಲೇ ಸತ್ತವು. 2021ರಿಂದ ಚೀನಾ ಸರ್ಕಾರ ಈ ಕುಲದ ಬಹುತೇಕ ಕಾಡುಗಿಡಗಳನ್ನು ರಾಷ್ಟ್ರೀಯ ಸಂರಕ್ಷಿತ ಪಟ್ಟಿಗೆ ಸೇರಿಸಿದೆ.

ಐದನೆಯದು, ಎರಡೇ ಬೇರಿನಿಂದ ಮೇಲೆದ್ದದ್ದು, ಉಳಿದ ನಾಲ್ಕು ಕುಂಡಗಳಲ್ಲಿ ಒಂದು. ಆಫೀಸಿನಿಂದ ಬಂದವನು ಈಗಷ್ಟೇ ಅದನ್ನು ತುಸು ಎತ್ತಿ ನೋಡಿದೆ. ಮೇಲಿನ ಹರಳು ಒಣಗಿ ಬೆಳ್ಳಗಾಗಿದೆ, ಕುಂಡ ಇನ್ನೂ ಭಾರವಿದೆ. ಚೊಂಬಿನ ನೀರನ್ನು ನಾನೇ ಕುಡಿದೆ.