ಗಿಡ ‘ಹಾಕುವ’ ಇಂಗ್ಲಿಷ್

ವನಮಹೋತ್ಸವದ ದಿನ ನಮ್ಮ ಕಾಲೇಜಿನ ಕಾಂಪೌಂಡ್ ಪಕ್ಕ ಹೊಂಗೆ, ಬೇವಿನ ಸಸಿಗಳನ್ನು ನೆಟ್ಟೆವು. ಅದರ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳು ಎಂದು ಪ್ರಥಮ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳನ್ನು ಕೇಳಿದೆ. ಕೈಯಲ್ಲಿ ಇನ್ನೂ ಮಣ್ಣಿತ್ತು. “ವಿ ಪುಟ್ ಟ್ರೀಸ್. ವಿ ಪುಟ್ ವಾಟರ್. ವಿ ಪುಟ್ ಗೊಬ್ಬರ” ಎಂದವಳು ತಾನೇ ನಕ್ಕು ಕುಳಿತುಬಿಟ್ಟಳು. ನಿಜ ಹೇಳಬೇಕೆಂದರೆ ಸಸಿ ನೆಡುವ ಕೆಲಸ ನನಗಿಂತ ಆಕೆಗೇ ಚೆನ್ನಾಗಿ ಗೊತ್ತಿತ್ತು. ಕೊರತೆ ಇದ್ದದ್ದು ಪದಗಳದ್ದು.

ತಪ್ಪು ಎಲ್ಲಿಂದ ಬಂತು ನೋಡಿ. ಕನ್ನಡದಲ್ಲಿ ನಾವು ಗಿಡ ಹಾಕುತ್ತೇವೆ, ನೀರು ಹಾಕುತ್ತೇವೆ, ಗೊಬ್ಬರ ಹಾಕುತ್ತೇವೆ. ‘ಹಾಕು’ ಒಂದೇ ಎಲ್ಲ ಕೆಲಸಕ್ಕೂ ಸಾಲುತ್ತದೆ. ಇಂಗ್ಲಿಷಿನಲ್ಲಿ ‘ಪುಟ್’ ಅಷ್ಟು ದುಡಿಯುವುದಿಲ್ಲ. ಅಲ್ಲಿ ಹೆಸರುಪದವೇ ಕ್ರಿಯಾಪದವಾಗುತ್ತದೆ. ‘ಪ್ಲಾಂಟ್’ ಎಂದರೆ ಗಿಡವೂ ಹೌದು, ನೆಡುವುದೂ ಹೌದು. ‘ವಾಟರ್’ ಎಂದರೆ ನೀರು, ನೀರುಣಿಸುವುದು ಕೂಡ. ಆದ್ದರಿಂದ “ವಿ ಪ್ಲಾಂಟೆಡ್ ಸ್ಯಾಪ್ಲಿಂಗ್ಸ್. ವಿ ವಾಟರ್ಡ್ ದೆಮ್. ವಿ ಆ್ಯಡೆಡ್ ಮೆನ್ಯೂರ್” ಎಂದರೆ ಮುಗಿಯಿತು. ಒಂದು ಪದ ಮಾತ್ರ ತಲೆಕೆಳಗು: ‘ವಾಟರ್’ ಎಂದಾಗ ನೀರು ಕೊಡುತ್ತೀರಿ, ಆದರೆ ‘ವೀಡ್ ದಿ ಗಾರ್ಡನ್’ ಎಂದಾಗ ಕಳೆ ಕೊಡುವುದಲ್ಲ, ಕೀಳುವುದು!

ಆ ದಿನದ ನಮ್ಮ ಬ್ಯಾನರಿನಲ್ಲೂ ಒಂದು ತಪ್ಪಿತ್ತು, ಅದನ್ನು ಬರೆಸಿದವನು ನಾನೇ: ‘ಟ್ರೀ ಪ್ಲಾಂಟೇಶನ್ ಪ್ರೋಗ್ರಾಂ’. ಪ್ಲಾಂಟೇಶನ್ ಎಂದರೆ ತೋಟ. ಚಿಕ್ಕಮಗಳೂರಿನಲ್ಲಿರುವುದು ಕಾಫಿ ಪ್ಲಾಂಟೇಶನ್. ನೆಡುವ ಕೆಲಸಕ್ಕೆ ‘ಪ್ಲಾಂಟಿಂಗ್’ ಸಾಕು.

ನಾನು ಹರಿಹರದಿಂದ ಬಸ್ಸಿನಲ್ಲಿ ಬರುವವನು. ಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಈ ಕಡೆಯ ಗದ್ದೆಗಳನ್ನು ನೋಡಿದರೆ ಅರ್ಧ ಪಾಠ ಅಲ್ಲೇ ಇದೆ. ಬೀಜ ಚೆಲ್ಲುವುದು ‘ಸೋ’. ಎಸ್, ಓ, ಡಬ್ಲ್ಯು ಎಂದು ಬರೆದು ‘ಸೋ’ ಎಂದು ಓದಬೇಕು. ‘ಸೌ’ ಎಂದರೆ ಹೆಣ್ಣು ಹಂದಿ, ಜೋಕೆ. ಸಸಿಮಡಿ ‘ನರ್ಸರಿ’. ಚಿಕ್ಕ ಮಕ್ಕಳದ್ದೂ ನರ್ಸರಿಯೇ, ಎರಡು ಕಡೆಯೂ ಎಳೆಯದನ್ನು ಸಾಕುವುದೇ ಕೆಲಸ. ಬೀಜದಿಂದ ಆಗಷ್ಟೇ ಎದ್ದದ್ದು ‘ಸೀಡ್ಲಿಂಗ್’. ಅದನ್ನು ಮಡಿಯಿಂದ ಕಿತ್ತು ಗದ್ದೆಯಲ್ಲಿ ನಾಟಿ ಮಾಡುವುದು ‘ಟ್ರಾನ್ಸ್‌ಪ್ಲಾಂಟ್’. ವಿಜ್ಞಾನ ವಿಭಾಗದವರು ಈ ಪದವನ್ನು ಕಿಡ್ನಿಯ ಜೊತೆಗೇ ಕೇಳಿರುತ್ತೀರಿ, ಅರ್ಥ ಅದೇ. ‘ಸ್ಯಾಪ್ಲಿಂಗ್’ ಮಾತ್ರ ಮರವಾಗಲಿರುವ ಎಳೆಯ ಗಿಡಕ್ಕೆ, ಹೊಂಗೆ ಬೇವಿಗೆ. ಭತ್ತಕ್ಕೂ ಮೆಣಸಿನ ಸಸಿಗೂ ಆ ಪದ ಬಳಸಬೇಡಿ.

ಬಿತ್ತುವುದು ಬೇರೆ, ನೆಡುವುದು ಬೇರೆ ಎಂಬ ಭೇದ ಕನ್ನಡಕ್ಕೂ ಇದೆ, ಅರಬ್ಬಿಗೂ ಇದೆ. ಗಿಡ ನೆಟ್ಟವನಿಗೂ ಬೆಳೆ ಬಿತ್ತಿದವನಿಗೂ, ಅದನ್ನು ಹಕ್ಕಿ, ಮನುಷ್ಯ ಅಥವಾ ಪ್ರಾಣಿ ತಿಂದರೆ ಸದಖಾದ ಪುಣ್ಯವಿದೆ ಎನ್ನುವ ಪ್ರಸಿದ್ಧ ಹದೀಸಿನಲ್ಲಿ ಎರಡೂ ಕ್ರಿಯೆಗಳು ಬೇರೆ ಬೇರೆಯಾಗಿಯೇ ಬರುತ್ತವೆ.

ಮನೆಯಲ್ಲಿ ಉರ್ದು ಆಡುವವರಿಗೆ ಇನ್ನೊಂದು ಅನುಕೂಲ. ಗುಲಾಬಿಯ ಟೊಂಗೆ ಕತ್ತರಿಸಿ ನೆಡುವುದಕ್ಕೆ ಅಮ್ಮಿ ‘ಕಲಮ್ ಲಗಾನಾ’ ಎನ್ನುತ್ತಾರಲ್ಲ, ಆ ಕಲಮ್ ಬರೆಯುವ ಲೇಖನಿಯೂ ಹೌದು. ಇಂಗ್ಲಿಷಿನಲ್ಲಿ ಆ ಟೊಂಗೆ ‘ಕಟಿಂಗ್’. ಮಾವಿಗೆ ಕಸಿ ಕಟ್ಟುವುದು ‘ಗ್ರಾಫ್ಟ್’. ಪತ್ರಿಕೆಯ ಮುಖಪುಟದಲ್ಲಿ ಗ್ರಾಫ್ಟ್ ಎಂದು ಕಂಡರೆ ಮಾವಿನ ಸುದ್ದಿ ಎಂದುಕೊಳ್ಳಬೇಡಿ, ಅಲ್ಲಿ ಅದು ಲಂಚ! ಹೈದರ್ ಅಲಿ 1760ರಲ್ಲಿ ಶುರು ಮಾಡಿದ ಲಾಲ್‌ಬಾಗ್‌ನ ‘ಬಾಗ್’ ಉರ್ದುವಿನಲ್ಲಿ ತೋಟ. ಅಲ್ಲಿಯ ಗಾಜಿನ ಮನೆಯಂಥದ್ದು ಈಗ ನಮ್ಮ ದಾವಣಗೆರೆಯಲ್ಲೂ ಇದೆ. ‘ಗ್ಲಾಸ್‌ಹೌಸ್’ ಎಂಬುದು ಗಿಡಗಳಿಗಾಗಿ ಕಟ್ಟಿದ ಮನೆ.

ಗೊಬ್ಬರಕ್ಕೆ ಎರಡು ಪದ. ತಿಪ್ಪೆಯದು ‘ಮೆನ್ಯೂರ್’, ಚೀಲದಲ್ಲಿ ಬರುವ ಯೂರಿಯಾ, ಡಿಎಪಿ ‘ಫರ್ಟಿಲೈಸರ್’.

ಇನ್ನು ಒಂದು ಪದ ಉಳಿದಿದೆ. ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ನಾನು ಪಿಯುಸಿ ಓದುವಾಗ ಅಬ್ಬಾ ಹೊಳೆಯ ಕಡೆ ಸ್ವಲ್ಪ ಜಮೀನು ಗುತ್ತಿಗೆಗೆ ಮಾಡುತ್ತಿದ್ದರು. ಮೆಣಸಿನ ಸಸಿಗೆ ಮುಟುರು ರೋಗ ಬಂದು ಎಲೆ ಮುದುರಿತ್ತು. ಮನೆಯಲ್ಲಿ ಯಾರೋ ಕೊಟ್ಟಿದ್ದ ಅರ್ಧ ಬಾಟಲಿ ಔಷಧಿ ಇತ್ತು, ಜೊತೆಯ ಕಾಗದ ಎಂದೋ ಕಳೆದುಹೋಗಿತ್ತು. “ನೀನು ಕಾಲೇಜಿಗೆ ಹೋಗುವವನು, ಓದಿ ಹೇಳು” ಎಂದರು. ಬಾಟಲಿಯ ಮೇಲೆ ‘ಹರ್ಬಿಸೈಡ್’ ಎಂದಿತ್ತು. ಹರ್ಬ್ ಎಂದರೆ ಗಿಡಮೂಲಿಕೆ ಎಂದು ಎಲ್ಲೋ ಓದಿದ್ದೆ. ಹಾಗಾದರೆ ಇದು ಗಿಡದ ಔಷಧಿಯೇ ಇರಬೇಕು. ಗೊತ್ತಿಲ್ಲ ಎನ್ನಲು ನಾಚಿಕೆ. “ಹೊಡೆಯಬಹುದು ಅಬ್ಬಾ” ಎಂದೆ.

ಕೆಲವೇ ದಿನಗಳಲ್ಲಿ ಮಡಿಯಿಡೀ ಹಳದಿಯಾಗಿ ಒಣಗಿತು. ಅಬ್ಬಾ ಬೈಯಲಿಲ್ಲ. “ಗೊತ್ತಿಲ್ಲ ಅಂದಿದ್ದರೆ ಸಾಕಿತ್ತಲ್ಲ ಬೇಟಾ” ಎಂದಷ್ಟೇ ಹೇಳಿ, ಮತ್ತೆ ಸಸಿ ಕೊಳ್ಳಲು ಹೋದರು.

‘ಸೈಡ್’ ಎಂದು ಮುಗಿಯುವ ಇಂಥ ಪದಗಳಲ್ಲಿ ಅದು ಲ್ಯಾಟಿನ್ನಿನಿಂದ ಬಂದದ್ದು, ಕೊಲ್ಲುವುದು ಎಂದರ್ಥ. ಸೂಸೈಡ್, ಹೋಮಿಸೈಡ್ ನಿಮಗೆ ಗೊತ್ತಿರುವ ಪದಗಳೇ. ‘ಇನ್ಸೆಕ್ಟಿಸೈಡ್’ ಕೀಟ ಕೊಲ್ಲುತ್ತದೆ, ‘ಫಂಗಿಸೈಡ್’ ಶಿಲೀಂಧ್ರ ಕೊಲ್ಲುತ್ತದೆ, ‘ಹರ್ಬಿಸೈಡ್’ ಸಸ್ಯವನ್ನೇ ಕೊಲ್ಲುತ್ತದೆ. ಅಂಗಡಿಯವರು ಅದನ್ನೇ ಕಳೆನಾಶಕ ಎನ್ನುವುದು. ಮುಂದಿನ ಅರ್ಧ ಏನಿದೆಯೋ ಅದು ಸಾಯುತ್ತದೆ ಎಂದು ಓದಿಕೊಳ್ಳಿ. ‘ಪೆಸ್ಟಿಸೈಡ್’ ಇವೆಲ್ಲಕ್ಕೂ ಒಟ್ಟಾಗಿ ಇಟ್ಟ ಹೆಸರು, ಆದ್ದರಿಂದ ಆ ಒಂದು ಪದ ನೋಡಿ ಏನನ್ನೂ ತೀರ್ಮಾನಿಸಬೇಡಿ.

ನಮ್ಮ ದೇಶದಲ್ಲಿ ಮಾರುವ ಇಂಥ ಬಾಟಲಿಗಳ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕ ಇರುತ್ತದೆ. ಕೆಳಗಿನ ಅರ್ಧದಲ್ಲಿ ಬಣ್ಣ, ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಪದ. ಕೆಂಪು ಅತ್ಯಂತ ವಿಷಕಾರಿ. ನಂತರ ಹಳದಿ, ನೀಲಿ, ಹಸಿರು. ಕೆಂಪು ಹಳದಿಗಳಲ್ಲಿ ‘ಪಾಯ್ಸನ್’, ನೀಲಿಯಲ್ಲಿ ‘ಡೇಂಜರ್’, ಹಸಿರಿನಲ್ಲಿ ‘ಕಾಷನ್’. ಹಸಿರು ಎಂದರೆ ಸುರಕ್ಷಿತ ಎಂದಲ್ಲ, ವಿಷ ಕಡಿಮೆ ಎಂದು ಮಾತ್ರ. ‘ಡೈಲ್ಯೂಟ್’ ಎಂದಿದ್ದರೆ ನೀರು ಬೆರೆಸಬೇಕು, ‘ಡೋಸ್’ ಎಂದರೆ ಎಷ್ಟು ಎಂಬ ಅಳತೆ, ‘ಆ್ಯಂಟಿಡೋಟ್’ ಎಂದರೆ ವಿಷ ಒಳಗೆ ಹೋದರೆ ವೈದ್ಯರು ಕೊಡಬೇಕಾದ ಪ್ರತಿವಿಷ.

ಮುಂದಿನ ವಾರದ ತರಗತಿಗೆ ಮನೆಯಲ್ಲಿರುವ ಬೀಜದ ಪೊಟ್ಟಣ, ಗೊಬ್ಬರದ ಚೀಲ ಅಥವಾ ಔಷಧಿ ಬಾಟಲಿಯ ಲೇಬಲ್ಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ಬಾಟಲಿ ತರಬೇಡಿ, ಖಾಲಿಯದ್ದೂ ಬೇಡ. ಅರ್ಥವಾಗದ ಪದದ ಕೆಳಗೆ ಗೆರೆ ಎಳೆದಿರಿ. ಗೆರೆ ಎಷ್ಟಿದ್ದರೂ ನಾನು ಅಂಕ ಕಳೆಯುವುದಿಲ್ಲ.